ಭತ್ತ ಖಾಲಿಯಾದ ಗೋಡೌನಿಗೆ ಕ್ರಿಕೆಟ್ ಬಲೆ: ಗಂಗಾವತಿಯ ಒಳಾಂಗಣ ಲೀಗ್ ಕಟ್ಟಿದ ಬಗೆ

ಗಂಗಾವತಿ, ಕಾರಟಗಿ ಕಡೆ ಒಳಾಂಗಣ ಕ್ರಿಕೆಟ್‌ಗೆ ಜಾಗ ಬೇಕೆಂದರೆ ಕಲ್ಯಾಣಮಂಟಪಗಳ ಬಾಗಿಲು ತಟ್ಟುವ ಅಗತ್ಯವಿಲ್ಲ. ರೈಸ್ ಮಿಲ್‌ನ ಗೋಡೌನ್‌ಗೆ ಬೇಕಾದಷ್ಟು ಎತ್ತರವಿರುತ್ತದೆ, ನಡುವೆ ಕಂಬ ಇರುವುದಿಲ್ಲ, ಬಾಗಿಲ ತನಕ ಲಾರಿ ಬರುತ್ತದೆ. ತೊಡಕು ಒಂದೇ, ಅದು ವರ್ಷವಿಡೀ ಸಿಗುವುದಿಲ್ಲ. ಮುಂಗಾರು ಭತ್ತ ನವೆಂಬರ್–ಡಿಸೆಂಬರ್‌ಗೆ ಬರುತ್ತದೆ, ಬೇಸಿಗೆ ಬೆಳೆ ಏಪ್ರಿಲ್–ಮೇಗೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ನಾಟಿ, ಕಳೆ, ಗೊಬ್ಬರ ಅಂತ ಎಲ್ಲರೂ ಗದ್ದೆಯಲ್ಲಿರುವಾಗ, ಎರಡು-ಮೂರು ಗೋಡೌನ್ ಇರುವ ಮಿಲ್‌ನಲ್ಲಿ ಒಂದಾದರೂ ಖಾಲಿ ಬಿದ್ದಿರುತ್ತದೆ. ಹೊರಗೆ ಮೈದಾನ ಕೆಸರಾಗಿರುವುದೂ ಅದೇ ಕಾಲಕ್ಕೆ. ಹಾಗಾಗಿ ಲೀಗಿನ ಅವಧಿ ಜೂನ್ ನಡುವಿನಿಂದ ಅಕ್ಟೋಬರ್ ಕೊನೆ.

ಇಲ್ಲಿನ ಪ್ರತಿ ತೀರ್ಮಾನವೂ ಎರಡು ಷರತ್ತಿಗೆ ಕಟ್ಟುಬಿದ್ದದ್ದು. ಒಂದು, ಮಿಲ್‌ನವರು ಕೇಳಿದಾಗ ಒಂದೇ ರಾತ್ರಿಯಲ್ಲಿ ಎಲ್ಲ ಬಿಚ್ಚಿ ನೆಲ ಬಿಟ್ಟುಕೊಡಬೇಕು. ಇನ್ನೊಂದು, ಆಟದ ದಿನದ ಯಾವ ಕೆಲಸವೂ ಇಬ್ಬರಿಂದ ಅರ್ಧ ಗಂಟೆಯಲ್ಲಿ ಮುಗಿಯಬೇಕು. ಸಂಬಳವಿಲ್ಲದೆ ಬರುವವರಿಂದ ಅದಕ್ಕಿಂತ ಹೆಚ್ಚು ಕೇಳಿದರೆ ಮೂರನೇ ವಾರಕ್ಕೆ ಫೋನ್ ಎತ್ತುವುದಿಲ್ಲ.

ಜಾಗ, ಅಳತೆ, ಕರಾರು

ಸುತ್ತಲೂ ಮೇಲೂ ಬಲೆ ಕಟ್ಟಿದ ಒಳಾಂಗಣ ಕ್ರಿಕೆಟ್ ಅಂಕಣ ಸಾಮಾನ್ಯವಾಗಿ 28ರಿಂದ 30 ಮೀಟರ್ ಉದ್ದ, 10.5ರಿಂದ 12 ಮೀಟರ್ ಅಗಲ, 4ರಿಂದ 4.5 ಮೀಟರ್ ಎತ್ತರ. ನಮಗೆ ಸಿಕ್ಕ ಗೋಡೌನ್ ಒಳಗಡೆ 120 ಅಡಿ ಉದ್ದ, 45 ಅಡಿ ಅಗಲ. ಚಾವಣಿ ಹೊರುವ ಕಬ್ಬಿಣದ ಚೌಕಟ್ಟಿನ, ಅಂದರೆ ಟ್ರಸ್‌ನ, ಕೆಳಸಾಲು 20 ಅಡಿ ಮೇಲೆ. ಅದರೊಳಗೆ ಅಂಕಣ 92 ಅಡಿ ಉದ್ದ, 36 ಅಡಿ ಅಗಲ, 14 ಅಡಿ ಎತ್ತರ. ಪಕ್ಕಗಳಲ್ಲಿ ನಾಲ್ಕೂವರೆ ಅಡಿ ಉಳಿಯುತ್ತದೆ. ಮೂರು ಅಡಿಗಿಂತ ಕಡಿಮೆ ಬಿಡಬಾರದು. ಬಲೆಗೆ ಓಡಿಬಂದು ಬಿದ್ದವರು ಬಲೆಸಮೇತ ಹೊರಗೆ ವಾಲುತ್ತಾರೆ, ಹಿಂದೆ ಗೋಡೆ ಇದ್ದರೆ ಭುಜ ಹೋಗುತ್ತದೆ.

ಕರಾರನ್ನು ಕಾಗದದ ಮೇಲೆ ಬರೆಯಿರಿ. ಬಿಟ್ಟುಕೊಡುವ ದಿನ, ಕರೆಂಟಿಗೆ ಪ್ರತ್ಯೇಕ ಸಬ್‌ಮೀಟರ್, ಬೀಗದ ಕೈ ಯಾರ ಹತ್ತಿರ ಎಂಬುದರ ಜೊತೆಗೆ ಇನ್ನೊಂದು ಸಾಲು ಇರಲೇಬೇಕು: ಅಕ್ಕಪಕ್ಕದ ಗೋಡೌನ್‌ಗೆ ಹುಳುವಿನ ಗುಳಿಗೆ ಇಡುವ ಮುಂಚೆ ನಮಗೆ ತಿಳಿಸಬೇಕು. ಆ ಗುಳಿಗೆ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವಕ್ಕೆ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. 3 ಗ್ರಾಮಿನ ಗುಳಿಗೆಯಿಂದ ಸುಮಾರು 1 ಗ್ರಾಂ ಅನಿಲ. ಚೀಲದ ಅಟ್ಟಿಗೆ ತಾಡಪಾಲು ಮುಚ್ಚಿ ದಿನಗಟ್ಟಲೆ ಬಿಡುತ್ತಾರೆ. ನಡುಗೋಡೆ ಮೇಲೆ ಶೀಟಿನ ತನಕ ಮುಟ್ಟಿರದಿದ್ದರೆ ಅನಿಲ ಈ ಕಡೆಗೂ ಬರುತ್ತದೆ. ತಾಡಪಾಲು ತೆಗೆದು ಪೂರ್ತಿ ಗಾಳಿಯಾಡಿ, ಗುಳಿಗೆ ಇಟ್ಟವರೇ ಸರಿ ಎನ್ನುವ ತನಕ ಆಟ ರದ್ದು. ಸೆಮಿಫೈನಲ್ ಇದ್ದರೂ ರದ್ದು. ಬೆಳ್ಳುಳ್ಳಿಯಂಥ ವಾಸನೆ ಬರುತ್ತಿಲ್ಲ, ಏನೂ ಆಗುವುದಿಲ್ಲ ಎನ್ನುವ ವಾದಕ್ಕೆ ಕಿವಿಗೊಡಬೇಡಿ. ಮೂಗು ಇಲ್ಲಿ ಅಳತೆಗೋಲಲ್ಲ.

ನೆಲದ ಆಂಕರ್, ಕಂಬ, ತಂತಿಹಗ್ಗ

ನೆಲದಿಂದ ಮೇಲೆ ಚಾಚಿದ ಬೋಲ್ಟನ್ನು ಹಮಾಲರು ಒಪ್ಪುವುದಿಲ್ಲ. ಒಪ್ಪಬಾರದು ಕೂಡ, ಚೀಲ ಎಳೆಯುವಾಗ ಹರಿಯುತ್ತದೆ, ಕಾಲಿಗೂ ತಾಗುತ್ತದೆ. ಆದ್ದರಿಂದ ನೆಲದ ಮಟ್ಟಕ್ಕೇ ಕೂರುವ ಎಂ12 ಡ್ರಾಪ್-ಇನ್ ಆಂಕರ್, ಅಂದರೆ ತೂತಿನೊಳಗೆ ಬಡಿದು ಕೂರಿಸುವ, 12 ಮಿ.ಮೀ. ಬೋಲ್ಟ್ ಹಿಡಿಯುವ ಕೊಳವೆ. 16 ಮಿ.ಮೀ. ಬಿಟ್, 50 ಮಿ.ಮೀ. ಆಳ, ಬಿಟ್‌ಗೆ ಆ ಅಳತೆಯಲ್ಲಿ ಇನ್ಸುಲೇಷನ್ ಟೇಪ್ ಸುತ್ತಿಕೊಂಡರೆ ಆಳ ತಪ್ಪುವುದಿಲ್ಲ. ಕೊರೆದ ತೂತಿನ ಪುಡಿಯನ್ನು ಸೈಕಲ್ ಪಂಪಿನಿಂದ ಊದಿ ತೆಗೆಯಬೇಕು. ಪುಡಿ ಉಳಿದರೆ ಆಂಕರ್ ಅರ್ಧಕ್ಕೆ ನಿಂತು, ಬಡಿದಷ್ಟೂ ಸಿಮೆಂಟ್ ಸಿಡಿಯುತ್ತದೆ. ಸೀಸನ್ ಮುಗಿದ ಮೇಲೆ ತೂತಿಗೆ ಗ್ರೀಸ್ ತುಂಬಿ ತಲೆಯಿಲ್ಲದ ಬೋಲ್ಟ್ ತಿರುಗಿಸಿಟ್ಟರೆ ಹೊಟ್ಟಿನ ದೂಳು ಒಳಗೆ ಸೇರುವುದಿಲ್ಲ.

ಕೊರೆಯುವಾಗ ಎರಡು ಇಂಚಿಗೆ ಬಿಟ್ ಸರಕ್ಕನೆ ಒಳಗೆ ಹೋಯಿತೆಂದರೆ ಮೇಲಿನದು ತೆಳು ಗಾರೆ, ಕೆಳಗೆ ಮೊರಂ. ಅಂಥ ಗೋಡೌನ್ ಬಿಟ್ಟುಬಿಡಿ. ಆಂಕರ್ ಬದಲು ಮರಳುಚೀಲ ಹೇರೋಣ ಎಂಬ ಸಲಹೆ ಬಂದೇ ಬರುತ್ತದೆ. ಚೀಲದ ಭಾರಕ್ಕೆ ಬುಡ ಮೇಲೇಳುವುದು ನಿಲ್ಲುತ್ತದೆ, ಜಾರುವುದು ನಿಲ್ಲುವುದಿಲ್ಲ.

ಎಷ್ಟು ಎಳೆತ ಎಂಬ ಲೆಕ್ಕ ಮಾಡಿಯೇ ಕಂಬಕ್ಕೆ ಕೈ ಹಾಕಿದ್ದು. ಬಲೆ ತೂಗಲು ಉದ್ದಕ್ಕೆ ನಾಲ್ಕು ತಂತಿಹಗ್ಗ, 12 ಅಡಿಗೊಂದು. ತುದಿಬಲೆಯಿಂದ ಒಂದೂವರೆ ಅಡಿ ಹೊರಗೆ ಕಂಬ ನಿಲ್ಲುವುದರಿಂದ ಕಂಬದಿಂದ ಕಂಬಕ್ಕೆ 95 ಅಡಿ, ಅಂದರೆ 29 ಮೀಟರ್. ಹಗ್ಗ ಮತ್ತು ಅದಕ್ಕೆ ಜೋತ ಬಲೆ ಸೇರಿ ಮೀಟರಿಗೆ 1 ಕೆ.ಜಿ. ಎಂದಿಟ್ಟುಕೊಂಡು, ನಡುವೆ 15 ಸೆಂ.ಮೀ.ಗಿಂತ ಹೆಚ್ಚು ಜೋಲಬಾರದು ಎಂದರೆ ಒಂದೊಂದು ಹಗ್ಗಕ್ಕೂ ಸುಮಾರು 700 ಕೆ.ಜಿ. ಎಳೆತ ಬೇಕು. ಅಷ್ಟು ಎಳೆದರೆ ಕಂಬ ಬಾಗುತ್ತದೆ. ನಡುಮಧ್ಯದಲ್ಲಿ ಒಂದು ಕಡೆ ಟ್ರಸ್‌ನಿಂದ ತೂಗುತಂತಿ ಬಿಟ್ಟರೆ ಉದ್ದ ಅರ್ಧವಾಗಿ ಎಳೆತ ಕಾಲುಭಾಗಕ್ಕೆ, 175 ಕೆ.ಜಿ.ಗೆ ಇಳಿಯುತ್ತದೆ. ಆ ತೂಗುತಂತಿಯ ಮೇಲೆ ಬೀಳುವ ಭಾರ 15 ಕೆ.ಜಿ. ಮಾತ್ರ. ಟ್ರಸ್‌ಗೆ ಅದು ಲೆಕ್ಕಕ್ಕಿಲ್ಲ, ಆದರೂ ತುಕ್ಕು ಹಿಡಿದ ಮೂಲೆಗೆ ಕಟ್ಟಬೇಡಿ. ಉದ್ದದ ಎಳೆತವನ್ನಂತೂ ಯಾವ ಕಾರಣಕ್ಕೂ ಗೋಡೆಗಾಗಲಿ ಟ್ರಸ್‌ಗಾಗಲಿ ಕೊಡಬೇಡಿ.

ಕಂಬಗಳು ಮೂರು ಇಂಚಿನ ಬಿ ಕ್ಲಾಸ್ ಜಿಐ ಪೈಪ್, ಒಂದೊಂದು ತುದಿಗೆ ನಾಲ್ಕು, ಒಟ್ಟು ಎಂಟು. ಹಗ್ಗ ಕಂಬದ ತಲೆಯ ಮೇಲೆ ಹಾದು, 12 ಅಡಿ ಹಿಂದೆ ನೆಲಕ್ಕೆ ಬಿಗಿದ ಪ್ಲೇಟಿನ ಕೊಂಡಿಗೆ ಇಳಿಯುತ್ತದೆ. ಈ ಇಳಿಜಾರು ಭಾಗದಲ್ಲಿ ಎಳೆತ 270 ಕೆ.ಜಿ.; ನೆಲದ ಪ್ಲೇಟನ್ನು ಮೇಲಕ್ಕೆ ಕೀಳುವ ಬಲ 205 ಕೆ.ಜಿ. ಚೆಂಡಿನ ಹೊಡೆತ, ಜನ ಬೀಳುವುದು ಎಲ್ಲ ಸೇರಿ ಇದರ ಎರಡರಷ್ಟಕ್ಕೆ ಸಿದ್ಧವಿರಬೇಕು. ಅದಕ್ಕೇ ಪ್ಲೇಟಿಗೆ ನಾಲ್ಕು ಆಂಕರ್.

ಹಗ್ಗ 8 ಮಿ.ಮೀ. ಗ್ಯಾಲ್ವನೈಸ್ಡ್, ಒಂದು ಸಾಲಿಗೆ 140 ಅಡಿಯಂತೆ 560 ಅಡಿ. ಪ್ರತಿ ತುದಿಗೆ ಮೂರು ಯು-ಕ್ಲಾಂಪ್, ಎರಡೆರಡು ಇಂಚು ಅಂತರ. ಕ್ಲಾಂಪಿನ ದಪ್ಪ ತಳ ಎಳೆತ ಹೊರುವ ಹಗ್ಗದ ಕಡೆ, ಬಾಗಿದ ಯು ಭಾಗ ಕಡಿದ ತುದಿಯ ಕಡೆ. ವೆಲ್ಡಿಂಗ್ ಅಂಗಡಿಯವರು ನೋಟಕ್ಕೆ ಚೆಂದವೆಂದು ಒಂದು ಹೀಗೆ ಒಂದು ಹಾಗೆ ಹಾಕಿಕೊಡುತ್ತಾರೆ. ಉಲ್ಟಾ ಹಾಕಿದ ಕಡೆ ಭಾರ ಹೊರುವ ಎಳೆಗಳೇ ಜಜ್ಜಿಹೋಗುತ್ತವೆ. ತಿರುಗಿಸಿ ಹಗ್ಗ ಬಿಗಿಯುವ ಟರ್ನ್‌ಬಕಲ್ ಒಂದು ತುದಿಗೆ ಸಾಕು, ಎದೆಮಟ್ಟದಲ್ಲಿರಲಿ, ಬಿಗಿದ ಮೇಲೆ ಕಟ್ಟುತಂತಿಯಿಂದ ಲಾಕ್ ಮಾಡಿ. ಎತ್ತರ ಗುರುತಿಸಲು ಗೌಂಡಿಗಳ ನೀರಿನ ಲೆವಲ್ ಪೈಪಿಗಿಂತ ಒಳ್ಳೆಯದಿಲ್ಲ. ಗೋಡೌನ್ ನೆಲಕ್ಕೆ ಬಾಗಿಲ ಕಡೆ ಇಳಿಜಾರು ಇರುವುದರಿಂದ ನೆಲದಿಂದ ಟೇಪ್ ಹಿಡಿದು ಅಳೆದರೆ ಹಗ್ಗ ಓರೆಯಾಗುತ್ತದೆ.

ಬಲೆ

ಪಕ್ಕಗಳಿಗೆ 2,576 ಚದರಡಿ, ತುದಿಗಳಿಗೆ 1,008, ಚಾವಣಿಗೆ 3,312, ಒಟ್ಟು 6,896. ತರಿಸಿದ್ದು 7,500, ಐದು ಬೇರೆ ಬೇರೆ ತುಂಡುಗಳಾಗಿ. ಒಂದೇ ಡೇರೆಯಂತೆ ಹೊಲಿಸಿದರೆ ಹತ್ತು ಜನಕ್ಕೂ ಎತ್ತಲಾಗುವುದಿಲ್ಲ.

45 ಮಿ.ಮೀ. ಚೌಕಕಣ್ಣಿನ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಬಲೆ, ದಾರ ಎರಡೂವರೆಯಿಂದ ಮೂರು ಮಿ.ಮೀ. ಮುನಿರಾಬಾದ್, ಹೊಸಪೇಟೆ ಕಡೆ ಮೀನಿನ ಬಲೆ ಅಗ್ಗಕ್ಕೆ ಸಿಗುತ್ತದೆ ನಿಜ, ಆದರೆ ಅದರ ಕಣ್ಣು ವಜ್ರಾಕಾರ. ಉದ್ದಕ್ಕೆ ಎಳೆದರೆ ಎತ್ತರ ಕುಗ್ಗುತ್ತದೆ, ಎತ್ತರಕ್ಕೆ ಎಳೆದರೆ ಉದ್ದ ಕುಗ್ಗುತ್ತದೆ. ಚಾವಣಿಗೆ ನಡೆದೀತು, ಪಕ್ಕಕ್ಕೆ ಬೇಡ. ನೈಲಾನ್ ಇನ್ನೂ ಗಟ್ಟಿ, ಆದರೆ ತೇವ ಹೀರಿ ಹಿಗ್ಗುತ್ತದೆ. ಆಗಸ್ಟ್‌ನಲ್ಲಿ ಪ್ರತಿ ಸಂಜೆ ಬಿಗಿಯಬೇಕಾಗುತ್ತದೆ.

ಒಳಾಂಗಣ ಕ್ರಿಕೆಟ್‌ನಲ್ಲಿ ಬಲೆ ಆಟದ ಒಂದು ಭಾಗ. ಬಲೆಗೆ ಬಡಿದು ಚಿಮ್ಮಿದ ಚೆಂಡನ್ನು ಹಿಡಿದರೆ ಔಟ್, ಬಲೆ ಮುಟ್ಟಿದರೆ ಹೆಚ್ಚುವರಿ ರನ್. ಬಲೆ ಜೋತರೆ ಚೆಂಡು ಜೋಳಿಗೆಯಲ್ಲಿ ಕೂತಂತೆ ಕೂತು ಕಾಲಬುಡಕ್ಕೆ ಉದುರುತ್ತದೆ. “ಬಲಿ ಜೋತಿತ್ರೀ ಅಣ್ಣ, ಅದಕ್ಕ ಕ್ಯಾಚ್ ಸಿಕ್ತು ಅವಂಗ” ಎಂಬ ಜಗಳ ಅಲ್ಲಿಂದ ಶುರು. ಅತಿ ಬಿಗಿಯಾದರೆ ಚೆಂಡು ಮುಖಕ್ಕೆ ಬರುತ್ತದೆ, ಗಂಟುಗಳೂ ಬಿಡುತ್ತವೆ. ಕಣ್ಣಂದಾಜು ಬಿಟ್ಟು ಅಳತೆ ಇಟ್ಟಿದ್ದೇವೆ: ಪಕ್ಕದ ಬಲೆಯ ನಡುವೆ, ಎದೆಮಟ್ಟದಲ್ಲಿ ಸ್ಪ್ರಿಂಗ್ ಕಾಟಾ ಸಿಕ್ಕಿಸಿ 10 ಕೆ.ಜಿ. ತೋರಿಸುವ ತನಕ ಹೊರಗೆಳೆಯುವುದು. ಬಲೆ ಎಂಟರಿಂದ ಹತ್ತು ಇಂಚು ಸರಿದರೆ ಸರಿ. ಮೊದಲ ಪಂದ್ಯಕ್ಕೆ ಮುಂಚೆ ಎರಡೂ ಕ್ಯಾಪ್ಟನ್‌ಗಳ ಎದುರಿಗೇ ಇದನ್ನು ಮಾಡುವುದರಿಂದ ಆಮೇಲೆ ಬಾಯಿ ಮಾಡಲು ಜಾಗವಿಲ್ಲ.

ಬಲೆಯ ಮೇಲಂಚನ್ನು ನಾಲ್ಕು ಕಣ್ಣಿಗೊಂದು ತುಂಡುದಾರದಿಂದ ಹಗ್ಗಕ್ಕೆ ಕಟ್ಟಬೇಕು. ಒಂದೇ ದಾರವನ್ನು ಉದ್ದಕ್ಕೂ ಪೋಣಿಸಿದರೆ ಒಂದು ಕಡೆ ಹರಿದಾಗ ಇಪ್ಪತ್ತು ಅಡಿ ಕೆಳಗೆ ಬರುತ್ತದೆ. ಪ್ಲಾಸ್ಟಿಕ್ ಕೇಬಲ್ ಟೈ ಬೇಡವೇ ಬೇಡ; ಶೀಟಿನ ಕಾವಿಗೆ ಒಂದೇ ಸೀಸನ್‌ಗೆ ಪಟಪಟ ಮುರಿಯುತ್ತವೆ.

ಕೆಳಂಚಿಗೆ ಮೊದಲು ಹೊಳೆಯುವುದು ಪೈಪ್. ಬಿದ್ದವರ ಮೊಣಕಾಲಿಗೆ ಪೈಪು ಒಳ್ಳೆಯದಲ್ಲ. ಇದಕ್ಕೆ ಮಿಲ್‌ನಲ್ಲೇ ಬಿದ್ದಿರುವ ಹಳೆಯ ಎಲಿವೇಟರ್ ಬೆಲ್ಟ್ ಹೇಳಿ ಮಾಡಿಸಿದ್ದು. ಭತ್ತ ಮೇಲೆತ್ತುವ ಬಕೆಟ್‌ಗಳನ್ನು ಬಿಚ್ಚಿದ ಮೇಲೆ ಬೋಲ್ಟಿನ ತೂತುಗಳು ಸಾಲಾಗಿ, ಸಮ ಅಂತರದಲ್ಲಿ ಉಳಿದಿರುತ್ತವೆ. ಚೀಲ ಹೊಲಿಯುವ ದಬ್ಬಣಕ್ಕೆ ದಪ್ಪ ನೈಲಾನ್ ದಾರ ಹಾಕಿ ಬಲೆಯ ಕೊನೆಯ ಕಣ್ಣನ್ನು ಆ ತೂತಿಗೆ ಹೊಲಿದರೆ ಮುಗಿಯಿತು. ಬೆಲ್ಟ್ ತನ್ನ ಭಾರಕ್ಕೇ ಚಪ್ಪಟೆ ಮಲಗುತ್ತದೆ, ಚೆಂಡು ಅಡಿಯಿಂದ ನುಸುಳುವುದಿಲ್ಲ, ಬಿದ್ದರೆ ಪೆಟ್ಟಿಲ್ಲ. ಬಿಚ್ಚುವಾಗ ಬಲೆಯನ್ನು ಬೆಲ್ಟಿನ ಮೇಲೆಯೇ ಮಡಚಿ ಸುತ್ತಬಹುದು.

ಬ್ಯಾಟ್ಸ್‌ಮನ್ ಹಿಂದಿನ ಬಲೆ ಮೊದಲು ಹರಿಯುತ್ತದೆ. ಹರಿದ ಕಣ್ಣನ್ನು ಗಂಟು ಹಾಕಿ ಹತ್ತಿರ ಎಳೆದರೆ ಸುತ್ತಲಿನ ಕಣ್ಣುಗಳ ಮೇಲೆ ಎಳೆತ ಬಿದ್ದು ವಾರದಲ್ಲಿ ತೂತು ದೊಡ್ಡದಾಗುತ್ತದೆ. ಕ್ರಮ ಇದು: ಕತ್ತರಿ ತೆಗೆದುಕೊಂಡು ತೂತನ್ನು ಇನ್ನಷ್ಟು ಕತ್ತರಿಸಿ ಅಂಚು ಸ್ವಚ್ಛ ಮಾಡಿ. ಗಂಟಿನಿಂದ ಹೊರಡುವ ಎಳೆಗೆ ಕಾಲು ಎನ್ನುತ್ತಾರೆ; ಶುರುವಿನ ಗಂಟಿಗೆ ಮೂರು ಕಾಲು, ಕೊನೆಯ ಗಂಟಿಗೆ ಮೂರು ಕಾಲು, ನಡುವಿನ ಎಲ್ಲ ಗಂಟಿಗೂ ಎರಡೇ ಕಾಲು ಉಳಿಯಬೇಕು. 45 ಮಿ.ಮೀ. ಅಗಲದ ಬಿದಿರಿನ ಪಟ್ಟಿಯನ್ನು ಅಳತೆಗೆ ಇಟ್ಟು, ಬಲೆಸೂಜಿಯಿಂದ ಮೇಲಿಂದ ಕೆಳಗೆ ಕಣ್ಣು ಕಣ್ಣಾಗಿ ಹೆಣೆದುಕೊಂಡು ಬರಬೇಕು. ಜಲಾಶಯದ ಮೀನುಗಾರರಲ್ಲಿ ಯಾರನ್ನಾದರೂ ಒಂದು ಮಧ್ಯಾಹ್ನ ಕರೆಸಿ ಪ್ರತಿ ತಂಡದಿಂದ ಒಬ್ಬರಿಗೆ ಕಲಿಸಿದರೆ ಲೀಗಿಗೆ ಅದು ಬಲೆಗಿಂತ ದೊಡ್ಡ ಆಸ್ತಿ. ಅವರ ಆ ದಿನದ ಕೂಲಿ ಕೊಡಿ.

ನೆಲ ಮತ್ತು ಬೆಳಕು

ಗೋಡೌನ್ ನೆಲವನ್ನು 10–12 ಅಡಿಯ ತುಂಡುಗಳಾಗಿ ಹಾಕಿರುತ್ತಾರೆ. ಬೌಲರ್ ಕಾಲೂರುವ ಜಾಗ ಜೋಡಣೆಯ ಮೇಲೆ ಬರದಂತೆ ಪಿಚ್ಚನ್ನು ಒಂದೆರಡು ಅಡಿ ಸರಿಸಿ. 66 ಅಡಿ ಉದ್ದ, 8 ಅಡಿ ಅಗಲದ ಕೃತಕ ಹುಲ್ಲಿನ ಮ್ಯಾಟ್ ಮೊದಲ ವರ್ಷಕ್ಕೆ ಸಾಕು. ನಾರಿನ ಮ್ಯಾಟ್ ಅಗ್ಗ, ಆದರೆ ಮುಚ್ಚಿದ ಜಾಗದಲ್ಲಿ ನಾರಿನ ದೂಳಿಗೆ ಕೆಮ್ಮು ಬರುತ್ತದೆ. ಕಾಲು ಎಡವುವುದು ಮ್ಯಾಟಿನ ಅಂಚಿಗೇ, ಆದ್ದರಿಂದ ಸುತ್ತ ಎರಡು ಇಂಚಿನ ಟೇಪನ್ನು ಅರ್ಧ ಮ್ಯಾಟಿಗೆ, ಅರ್ಧ ನೆಲಕ್ಕೆ ಬರುವಂತೆ ಒತ್ತಿ. ಸಿಮೆಂಟಿನ ಮೇಲೆ ಉಳಿದ ತೌಡಿನ ದೂಳು ಎಣ್ಣೆಯ ಹಾಗೆ ಜಾರಿಸುತ್ತದೆ. ಒಣ ಪೊರಕೆ ಅದನ್ನು ಎಬ್ಬಿಸುತ್ತದೆ ಅಷ್ಟೆ. ಹಿಂಡಿದ ಒದ್ದೆ ಗೋಣಿಚೀಲವನ್ನು ಹಗ್ಗ ಕಟ್ಟಿ ಎರಡು ಸಲ ಎಳೆದಾಡಿ.

ಬೆಳಕಿಗೆ 200 ವ್ಯಾಟಿನ 12 ಎಲ್‌ಇಡಿ. ಅಂಕಣ 308 ಚದರ ಮೀಟರ್. ದೂಳು, ಚೆದುರು ಎಲ್ಲ ಕಳೆದು 400 ಲಕ್ಸ್ (ನೆಲಕ್ಕೆ ಬೀಳುವ ಬೆಳಕಿನ ಅಳತೆ) ಬರಬೇಕೆಂದರೆ ದೀಪಗಳಿಂದ ಒಟ್ಟು ಎರಡೂವರೆ ಲಕ್ಷ ಲ್ಯೂಮೆನ್ (ದೀಪ ಬೀರುವ ಬೆಳಕಿನ ಅಳತೆ) ಸುಮಾರು ಬೇಕಾಗುತ್ತದೆ, ಅದಕ್ಕೆ ಈ ಸಂಖ್ಯೆ. ಎಲ್ಲವೂ ಪಕ್ಕದ ಬಲೆಯ ಹೊರಗೆ, ಅಡ್ಡಕ್ಕೆ ಮುಖಮಾಡಿ. ಬೌಲರ್ ಬೆನ್ನ ಹಿಂದೆ ಒಂದೂ ಬೇಡ, ಅಲ್ಲಿ ಕಡುಹಸಿರು ಬಟ್ಟೆ ಇಳಿಬಿಟ್ಟರೆ ಹಳದಿ ಚೆಂಡು ಎದ್ದು ಕಾಣುತ್ತದೆ. ಪಕ್ಕದ ಮಿಲ್ಲಿನ ಮೋಟಾರ್ ಶುರುವಾದಾಗ ವೋಲ್ಟೇಜ್ ಕುಸಿಯುತ್ತದೆ. 100ರಿಂದ 300 ವೋಲ್ಟ್ ತಾಳುವ ಡ್ರೈವರ್ (ದೀಪಕ್ಕೆ ಕರೆಂಟು ಹದಗೊಳಿಸಿ ಕೊಡುವ ಸಾಧನ) ಇರುವ ದೀಪ ಕೊಳ್ಳಿ, ನಾಲ್ಕು ನಾಲ್ಕರಂತೆ ಮೂರೂ ಫೇಸಿಗೆ ಹಂಚಿ. ಜೆಸ್ಕಾಂ ಕರೆಂಟು ಹೋದಾಗ ಹದಿನಾರು ಜನ ಕತ್ತಲಲ್ಲಿ ಬಲೆಗೆ ಸಿಕ್ಕಿಕೊಳ್ಳದಂತೆ ಬಾಗಿಲ ಮೇಲೆ ಒಂದು ಬ್ಯಾಟರಿ ದೀಪ ಬೇಕೇ ಬೇಕು. ದೀಪ, ಫ್ಯಾನ್ ಸೇರಿ ಸುಮಾರು 4 ಕಿಲೋವ್ಯಾಟ್. ನಾಲ್ಕೂವರೆ ಗಂಟೆಗೆ 18 ಯೂನಿಟ್.

ಆಟ ನಡೆಸುವುದು

ತಂಡಕ್ಕೆ ಎಂಟು ಜನ, 16 ಓವರ್. ಪ್ರತಿಯೊಬ್ಬರೂ ಎರಡು ಓವರ್ ಬೌಲ್ ಮಾಡಲೇಬೇಕು. ಬ್ಯಾಟಿಂಗ್ ನಾಲ್ಕು ಜೋಡಿಗಳಲ್ಲಿ, ಜೋಡಿಗೆ ನಾಲ್ಕು ಓವರ್. ಔಟಾದರೆ ಹೊರಗೆ ಹೋಗುವುದಿಲ್ಲ, ಐದು ರನ್ ಕಳೆಯುತ್ತದೆ. ಓಡುವ ದೂರ ಪಿಚ್ಚಿನ ಅರ್ಧದಷ್ಟು. ಬ್ಯಾಟ್ಸ್‌ಮನ್ ಕಡೆಯ ಅರ್ಧದ ಪಕ್ಕದ ಬಲೆಗೆ ಹೆಚ್ಚುವರಿ 1, ಬೌಲರ್ ಕಡೆಯ ಅರ್ಧಕ್ಕೆ 2, ಬೌಲರ್ ಹಿಂದಿನ ಬಲೆಗೆ ನೆಲಕ್ಕೆ ಬಿದ್ದು ಮುಟ್ಟಿದರೆ 4, ನೇರ ಮುಟ್ಟಿದರೆ 6. ಆದರೆ ಓಡಿ ಒಂದಾದರೂ ರನ್ ಮಾಡಿದ್ದರೆ ಮಾತ್ರ. ವೈಡ್, ನೋಬಾಲ್‌ಗೆ ಎರಡೆರಡು. ಪಂದ್ಯಕ್ಕೆ ಏಳು ಅಂಕ: ಗೆಲುವಿಗೆ ಮೂರು, ಎದುರು ತಂಡದ ಅದೇ ಕ್ರಮದ ಜೋಡಿಗಿಂತ ಹೆಚ್ಚು ರನ್ ಮಾಡಿದ ಪ್ರತಿ ಜೋಡಿಗೆ ಒಂದು.

ನಮ್ಮ ಕಡೆಯ ಟೆನಿಸ್ ಬಾಲ್ ಟೂರ್ನಿಗಳಲ್ಲಿ ಇಬ್ಬರು ಹೊಡೆಯುತ್ತಾರೆ, ಇಬ್ಬರು ಎಸೆಯುತ್ತಾರೆ, ಉಳಿದವರು ಬಿಸಿಲಿಗೆ ನಿಲ್ಲುತ್ತಾರೆ. ಇಲ್ಲಿ ಮೊದಲ ಚೆಂಡಿಗೆ ಔಟಾದವನಿಗೂ ನಾಲ್ಕು ಓವರ್ ಆಟವಿದೆ, ಸೋಲುತ್ತಿರುವ ತಂಡಕ್ಕೂ ಕೊನೆಯ ಜೋಡಿಯಿಂದ ಒಂದು ಅಂಕದ ಆಸೆಯಿದೆ. ಅಂಗಡಿ ಮುಚ್ಚಿ ಬರುವ ನಲವತ್ತೈದರ ಯಜಮಾನರೂ ಕಾಲೇಜು ಹುಡುಗಿಯರೂ ಎರಡನೇ ವಾರವೂ ಬರುವುದು ಈ ಕಾರಣಕ್ಕೆ.

ಓವರಿಗೆ ಎರಡು ನಿಮಿಷದಂತೆ 32 ಓವರಿಗೆ 64 ನಿಮಿಷ, ಬದಲಾವಣೆ, ಟಾಸ್ ಸೇರಿ 75. ಒಂದು ಪಂದ್ಯಕ್ಕೆ 90 ನಿಮಿಷ ಕೊಟ್ಟರೆ 6ಕ್ಕೆ, 7:30ಕ್ಕೆ, 9ಕ್ಕೆ ಮೂರು ಪಂದ್ಯ. ಶನಿವಾರ, ಭಾನುವಾರ ಸೇರಿ ವಾರಕ್ಕೆ ಆರು. ಎಂಟು ತಂಡ ಒಬ್ಬರ ಮೇಲೊಬ್ಬರು ಆಡಿದರೆ 28 ಪಂದ್ಯ, ಐದು ವಾರ. ಹನ್ನೆರಡು ತಂಡವಾದರೆ 66 ಪಂದ್ಯ, ಹನ್ನೊಂದು ವಾರ. ಅಷ್ಟರಲ್ಲಿ ಕೆಳಗಿನ ನಾಲ್ಕು ತಂಡ ಬರುವುದನ್ನೇ ಬಿಟ್ಟಿರುತ್ತವೆ. ಅದಕ್ಕೆ ಮೇಲಿನದು, ಕೆಳಗಿನದು ಎಂದು ಆರಾರು ತಂಡಗಳ ಎರಡು ವಿಭಾಗ, ಎರಡು ಸುತ್ತು, 60 ಪಂದ್ಯ, ಹತ್ತು ವಾರ. ಗಣೇಶ ಚೌತಿಯ ವಾರ, ದಸರೆಯ ವಾರ ಖಾಲಿ ಬಿಡಿ. ಆ ದಿನ ಪಂದ್ಯ ಹಾಕಿ ಗೆದ್ದವರಿಲ್ಲ.

ಲೀಗ್ ನಿಲ್ಲುವುದು ಅಂಪೈರ್ ಸಿಗದೆ. ಆಟಗಾರರಿಗೆ ಬರವಿಲ್ಲ, ಶಿಳ್ಳೆ ಹಿಡಿಯುವವರಿಗೆ ಬರ. ಹಾಗಾಗಿ ಕರ್ತವ್ಯ ತಂಡದ್ದು, ವ್ಯಕ್ತಿಯದ್ದಲ್ಲ. 7:30ರ ತಂಡಗಳು ಬೇಗ ಬಂದು 6ರ ಪಂದ್ಯ ನಡೆಸಬೇಕು, 6ರ ತಂಡಗಳು ಉಳಿದು 7:30ರದ್ದು, 7:30ರವರು 9ರದ್ದು. ಒಂದು ತಂಡದಿಂದ ಅಂಪೈರ್, ಇನ್ನೊಂದರಿಂದ ಸ್ಕೋರರ್. ಬಾರದಿದ್ದರೆ ಪಟ್ಟಿಯಲ್ಲಿ ಎರಡು ಅಂಕ ಕಡಿತ. ದುಡ್ಡಿನ ದಂಡ ಹಾಕಿದರೆ ಕೊಟ್ಟು ಮನೆಗೆ ಹೋಗುತ್ತಾರೆ. 9ರ ತಂಡಗಳಿಗೆ ಆ ದಿನ ಕರ್ತವ್ಯವಿಲ್ಲದ್ದರಿಂದ ಕಸ, ಬೀಗ, ಮೀಟರ್ ಓದುವುದು ಅವರ ಪಾಲು. ಅಂಪೈರ್ ಕೂರುವುದು ಬ್ಯಾಟ್ಸ್‌ಮನ್ ಹಿಂದಿನ ಬಲೆಯ ಹೊರಗೆ, ಸೆಂಟ್ರಿಂಗ್ ಪೈಪಿನ ಆರಡಿ ಅಟ್ಟದ ಮೇಲೆ, ಕಟಾಂಜನವಿಲ್ಲದೆ ಹತ್ತಿಸಬೇಡಿ. ಸ್ಕೋರರ್ ಓವರ್ ಮುಗಿದಾಗಲೆಲ್ಲ ಜೋಡಿಯ ಮೊತ್ತವನ್ನು ಗಟ್ಟಿಯಾಗಿ ಕೂಗಬೇಕು. ಮೈನಸ್ ಐದು ಮರೆತು ಕೊನೆಗೆ ನೆನಪಾದರೆ ಆ ರಾತ್ರಿ ಯಾರೂ ಮನೆಗೆ ಹೋಗುವುದಿಲ್ಲ.

ಏಳೇ ಜನ ಬಂದರೆ ಎಂಟನೆಯವರ ಬದಲು ಎದುರು ಕ್ಯಾಪ್ಟನ್ ಆರಿಸಿದವರು ಇನ್ನೊಮ್ಮೆ ಬ್ಯಾಟ್ ಹಿಡಿಯುತ್ತಾರೆ. ಆರು ಜನವಾದರೆ ಪಂದ್ಯವಿಲ್ಲ. ಎರಡು ಚೆಂಡು ರನ್ ಬಾರದಿದ್ದರೆ ಮೂರನೆಯದಕ್ಕೆ ಮೊತ್ತ ಬದಲಾಗಲೇಬೇಕು ಎಂಬ ನಿಯಮವನ್ನು ಮೇಲಿನ ವಿಭಾಗಕ್ಕೆ ಮಾತ್ರ ಇಟ್ಟಿದ್ದೇವೆ.

ಹಣದ ವಿಚಾರ ಚಿಕ್ಕದು. ಸೀಸನ್ ಶುಲ್ಕ ಎರಡು ಕಂತು, ಎರಡನೆಯದು ನಾಲ್ಕನೇ ವಾರದೊಳಗೆ. ಯಾರದೋ ಒಬ್ಬರ ಫೋನ್‌ಪೇಗೆ ಹಾಕಿಸಬೇಡಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಏಳು ಜನ ಸೇರಿ ಸಂಘ ನೋಂದಾಯಿಸಿ, ಇಬ್ಬರ ಸಹಿಯ ಖಾತೆ ತೆರೆಯಿರಿ. ಮೀಟರ್ ಓದಿದ ಅಂಕಿ, ಬಾಡಿಗೆ, ಚೆಂಡಿನ ಲೆಕ್ಕ ಪ್ರತಿ ಭಾನುವಾರ ಬಾಗಿಲ ಹಿಂದಿನ ಹಲಗೆಗೆ.

ಬಾಕಿ ಇರುವುದು

ಬ್ಯಾಟ್ಸ್‌ಮನ್ ಹಿಂದಿನ ಬಲೆಗೆ ಎದೆಮಟ್ಟದ ತನಕ ಎರಡನೇ ಪದರ ಹಾಕಬೇಕು. ಟ್ರಸ್‌ನ ಪಾರಿವಾಳಗಳ ಹಿಕ್ಕೆ ಚಾವಣಿ ಬಲೆಯ ಮೇಲೆ ಒಣಗಿ ಆಟದ ನಡುವೆ ಉದುರುತ್ತದೆ. ಗಾಳಿಕಿಂಡಿಗಳಿಗೆ ಜಾಲರಿ ಬಡಿಯಲು ಮಿಲ್‌ನವರ ಒಪ್ಪಿಗೆ ಸಿಕ್ಕಿದೆ, ಏಣಿ ಸಿಕ್ಕಿಲ್ಲ. ಬಿಚ್ಚಿದ ಬಲೆಯನ್ನು ನೆಲದ ಮೇಲೆ ಇಟ್ಟರೆ ಇಲಿ ಕಡಿಯುವುದರಿಂದ ಗೋಣಿಚೀಲದಲ್ಲಿ ಕಟ್ಟಿ ಟ್ರಸ್‌ಗೆ ನೇತುಹಾಕಲು ಐದು ರಾಟೆ ಬೇಕು. ಹಗ್ಗಗಳ ತುದಿಗೆ 1ರಿಂದ 4ರ ತನಕ ತಗಡಿನ ಬಿಲ್ಲೆ ಕಟ್ಟುವುದಿದೆ. ಮಹಿಳೆಯರ ನಾಲ್ಕು ತಂಡಗಳು ಸಿದ್ಧವಿದ್ದು ಶುಕ್ರವಾರ ಸಂಜೆ ಕೇಳಿವೆ. ಅಂಪೈರಿಂಗ್ ಪಟ್ಟಿಯನ್ನು ಅವರೇ ಬರೆದುಕೊಟ್ಟಿದ್ದಾರೆ.